ಕಾರ್ಪಲ್ ಟನಲ್‌ಗೆ ಎನ್‌ಸಿವಿ: ಕೈ ಬೆಚ್ಚಗಿರಬೇಕು, ಪಕ್ಕದ ನರವನ್ನೂ ಅಳೆಯಬೇಕು

ಕಾಫಿ ಕೊಯ್ಲು ಶುರುವಾಯಿತೆಂದರೆ ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆಯಿಂದ ಕೈ ಜೋಮಿನ ದೂರು ಹೆಚ್ಚುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಬೆರಳಿಗೆ ಬಿಡುವಿಲ್ಲ. ಹಣ್ಣು ಕೊಯ್ಲು, ಅಡಿಕೆ ಸುಲಿತ, ಅದರ ಬೆನ್ನಿಗೇ ಮೆಣಸು. ಬೆಳಗಿನ ಚಳಿ ಗಟ್ಟಿಯಾಗಿರುವುದೂ ಅದೇ ತಿಂಗಳುಗಳಲ್ಲಿ. ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಸಂದೇಶ ಸಾಗುವ ವೇಗ ಅಳೆಯುವ ಎನ್‌ಸಿವಿ ಪರೀಕ್ಷೆ ಮಾಡುವವರಿಗೆ ಇವೆರಡೂ ಒಟ್ಟಿಗೆ ಬರುವುದು ದೊಡ್ಡ ತೊಡಕು. ಮಣಿಕಟ್ಟಿನಲ್ಲಿ ನರ ಒತ್ತಿಹೋದ, ಅಂದರೆ ಕಾರ್ಪಲ್ ಟನಲ್ ರೋಗದ ಕೈಯೂ ಯಂತ್ರದಲ್ಲಿ ‘ನಿಧಾನ’ ಎಂದು ತೋರುತ್ತದೆ, ಏನೂ ಕಾಯಿಲೆಯಿಲ್ಲದೆ ಬರೀ ತಣ್ಣಗಿರುವ ಕೈಯೂ ‘ನಿಧಾನ’ ಎಂದೇ ತೋರುತ್ತದೆ. ಒಂದೇ ನರದ ಒಂದೇ ಅಂಕಿ ನೋಡಿದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಕೈಯ ಉಷ್ಣತೆ ಬರೆಯದ, ಅದೇ ಕೈಯ ಪಕ್ಕದ ನರದ ಜೊತೆ ಹೋಲಿಸಿ ನೋಡದ ಎನ್‌ಸಿವಿ ರಿಪೋರ್ಟನ್ನು ನಂಬಿ ಯಾರೂ ಆಪರೇಷನ್ ಟೇಬಲ್ ಹತ್ತಬಾರದು. ಪರೀಕ್ಷೆ ಮಾಡುವ ಟೆಕ್ನಿಷಿಯನ್‌ಗಳು, ಫಿಸಿಯೋಥೆರಪಿ ವಿದ್ಯಾರ್ಥಿಗಳು, ರಿಪೋರ್ಟ್ ಓದಬೇಕಾದ ತಾಲ್ಲೂಕಿನ ವೈದ್ಯರು, ರಿಪೋರ್ಟ್ ಕೈಯಲ್ಲಿ ಹಿಡಿದು ಏನೂ ತಿಳಿಯದೆ ಕೂತ ಮನೆಯವರು, ಇವರೆಲ್ಲರಿಗೂ ಉಪಯೋಗವಾಗಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಮಣಿಕಟ್ಟಿನೊಳಗೆ ಆಗುವುದೇನು

ಮಣಿಕಟ್ಟಿನ ಕೆಳಗೆ ಮತ್ತು ಅಕ್ಕಪಕ್ಕದಲ್ಲಿ ಸಣ್ಣ ಎಲುಬುಗಳು, ಮೇಲೆ ಒಂದು ದಪ್ಪ ಲಿಗಮೆಂಟ್. ಕಾರ್ಪಲ್ ಟನಲ್ ಎಂಬ ಈ ಇಕ್ಕಟ್ಟಿನ ಸುರಂಗದೊಳಗೆ ಬೆರಳು ಮಡಚುವ 9 ಸ್ನಾಯುರಜ್ಜುಗಳು ಹಾಗೂ ಒಂದು ನರ ಹಾದುಹೋಗುತ್ತವೆ. ಆ ನರವೇ ಮೀಡಿಯನ್. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗದ ಸ್ಪರ್ಶಜ್ಞಾನ ಇದರದ್ದು. ಹೆಬ್ಬೆರಳ ಬುಡದ ಉಬ್ಬಿನಲ್ಲಿರುವ ಮುಖ್ಯ ಸ್ನಾಯುಗಳೂ ಇದರ ಹಿಡಿತದಲ್ಲಿವೆ. ಗೆಲ್ಬರ್‌ಮನ್ ಮತ್ತು ಸಂಗಡಿಗರು 1981ರಲ್ಲಿ ಈ ಸುರಂಗದೊಳಗೆ ಕೊಳವೆ ಇಟ್ಟು ಒತ್ತಡ ಅಳೆದರು. ಆರೋಗ್ಯವಂತರಲ್ಲಿ ಸರಾಸರಿ 2.5 ಮಿ.ಮೀ. ಪಾದರಸ ಇದ್ದರೆ, ರೋಗಿಗಳಲ್ಲಿ 32 ಇತ್ತು. ಮಣಿಕಟ್ಟನ್ನು ಪೂರ್ತಿ ಮಡಚಿದಾಗ ರೋಗಿಗಳಲ್ಲಿ ಅದು 90 ದಾಟಿತು. ಕೈ ಮಡಚಿಕೊಂಡು ಮಲಗುವವರಿಗೆ ರಾತ್ರಿ ಎರಡು ಮೂರು ಗಂಟೆಗೆ ಜೋಮು ಹಿಡಿದು ಎಚ್ಚರವಾಗುವುದು ಇದರಿಂದಲೇ.

ಒತ್ತಡದಿಂದ ಮೊದಲು ಕೆಡುವುದು ನರತಂತುವಿನ ಮೇಲಿನ ಮಯಲಿನ್ ಹೊದಿಕೆ. ಆಗ ಸಂದೇಶ ತಡವಾಗುತ್ತದೆ. ಒತ್ತಡ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂದುವರಿದರೆ ತಂತುವೇ ಸಾಯುತ್ತದೆ, ಆಗ ಸಂದೇಶದ ಗಾತ್ರ ಕುಗ್ಗುತ್ತದೆ. ಶಿರಾಡಿ ಘಾಟಿಯಲ್ಲಿ ಒಂದು ಕಡೆ ರಸ್ತೆ ಕೆಟ್ಟರೆ ಬಸ್ಸುಗಳೆಲ್ಲ ಬರುತ್ತವೆ, ತಡವಾಗಿ ಬರುತ್ತವೆ. ಬಸ್ಸುಗಳನ್ನೇ ರದ್ದು ಮಾಡಿದರೆ ಬರುವ ಜನವೇ ಕಡಿಮೆ. ಎನ್‌ಸಿವಿಯಲ್ಲಿ ಲೇಟೆನ್ಸಿ ಎಂದರೆ ಆ ತಡ, ಆಂಪ್ಲಿಟ್ಯೂಡ್ ಎಂದರೆ ಬಂದು ಮುಟ್ಟಿದ ಬಸ್ಸುಗಳ ಸಂಖ್ಯೆ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು, ಯಾಕೆಂದರೆ ಮಯಲಿನ್ ಮತ್ತೆ ಬೆಳೆಯುವುದು ಬೇಗ, ಸತ್ತ ತಂತು ಚಿಗುರುವುದು ಬಹಳ ನಿಧಾನ.

ಜೇಮ್ಸ್ ಪ್ಯಾಜೆಟ್ 1854ರಲ್ಲೇ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಹೋದದ್ದನ್ನು ವಿವರಿಸಿದ್ದರು. ಹೆಬ್ಬೆರಳಿನ ಸ್ನಾಯುವಿಗೆ ಸಂದೇಶ ತಲುಪುವುದು ಈ ರೋಗದಲ್ಲಿ ತಡವಾಗುತ್ತದೆ ಎಂಬುದನ್ನು ಅಳೆದು ತೋರಿಸಿದ್ದು ಸಿಂಪ್ಸನ್, 1956ರಲ್ಲಿ. ಎರಡು ವರ್ಷದ ನಂತರ ಗಿಲಿಯಟ್ ಮತ್ತು ಸಿಯರ್ಸ್ ಸ್ಪರ್ಶನರದ ಅಲೆಗಳನ್ನು ಚರ್ಮದ ಮೇಲಿನಿಂದಲೇ ದಾಖಲಿಸುವ ಕ್ರಮವನ್ನು ರೋಗಿಗಳ ಮೇಲೆ ಬಳಸಿದರು. ಇಂದು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಮಾಡುವ ಪರೀಕ್ಷೆಯ ಮೂಲ ಕ್ರಮವೂ ಅದೇ.

ಯಂತ್ರ ಹಚ್ಚುವ ಮೊದಲು

‘ಯಾವ ಬೆರಳಮ್ಮ ಜೋಮು ಹಿಡಿಯೋದು, ತೋರ್ಸಿ’ ಎಂದರೆ ಹೆಚ್ಚಿನವರ ಉತ್ತರ ‘ಇಡೀ ಕೈಯೇ ಸಾರ್’. ಅಲ್ಲಿಗೆ ನಿಲ್ಲಿಸಬೇಡಿ. ಕಿರುಬೆರಳನ್ನು ಮುಟ್ಟಿ ‘ಇದೂನಾ?’ ಎಂದು ಕೇಳಿ. ಉಂಗುರಬೆರಳಿನ ಎರಡು ಪಕ್ಕವನ್ನೂ ಹತ್ತಿಯಿಂದ ಸವರಿ ವ್ಯತ್ಯಾಸವಿದೆಯೇ ಕೇಳಿ. ನಡುಬೆರಳ ಕಡೆಯ ಪಕ್ಕ ಮಂದ, ಕಿರುಬೆರಳ ಕಡೆಯ ಪಕ್ಕ ಸರಿ ಎಂದರೆ ಅದು ಬೆಲೆಬಾಳುವ ಸುಳಿವು. ರಾತ್ರಿ ಎದ್ದು ಕೈ ಕೊಡವುತ್ತಾರಾ ಎಂದು ಕೇಳಿ. ಹೆಬ್ಬೆರಳ ಬುಡದ ಉಬ್ಬಿನ ಚರ್ಮದ ಸ್ಪರ್ಶ ಚೆನ್ನಾಗಿರಬೇಕು, ಏಕೆಂದರೆ ಅಲ್ಲಿಗೆ ಹೋಗುವ ಕವಲು ಸುರಂಗದ ಒಳಗೆ ಹೋಗುವುದೇ ಇಲ್ಲ. ಅಲ್ಲಿಯೂ ಮಂದವಾಗಿದ್ದರೆ ತೊಂದರೆ ಮಣಿಕಟ್ಟಿಗಿಂತ ಮೇಲಿದೆಯೇ ಎಂದು ಯೋಚಿಸಬೇಕು.

ಅಂಗೈ ಆಕಾಶಕ್ಕೆ ತಿರುಗಿಸಿ, ಹೆಬ್ಬೆರಳನ್ನು ಅಂಗೈಯಿಂದ ನೇರ ಮೇಲಕ್ಕೆ ಎತ್ತಲು ಹೇಳಿ, ಬೆರಳಿನಿಂದ ಕೆಳಗೆ ಒತ್ತಿ ನೋಡಿ. ಆ ಉಬ್ಬು ಬತ್ತಿದೆಯೇ ಎಂದು ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಸಂಧಿವಾತ, ಡಯಾಲಿಸಿಸ್, ಬಸಿರು, ಹಳೆಯ ಮಣಿಕಟ್ಟಿನ ಮುರಿತ ಕೇಳಿ ಬರೆದುಕೊಳ್ಳಿ. ಕೆಲಸವನ್ನೂ ಬಿಡಿಸಿ ಕೇಳಿ. ‘ತೋಟದ ಕೆಲಸ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಕಳೆ ಹೊಡೆಯುವ ಮೆಷಿನ್ ಹಿಡಿಯುವವರ ಕೈಗೆ ನಡುಕದ ಹೊಡೆತ, ಕಸಿ ಕತ್ತರಿ ಹಿಡಿಯುವವರಿಗೆ ಬಿಗಿಹಿಡಿತ, ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರಿಗೆ ಮಣಿಕಟ್ಟು ಮಡಚಿ ತಿರುಗಿಸುವ ಕೆಲಸ.

ಪೇಸ್‌ಮೇಕರ್ ಇದ್ದರೆ ಕೈಯ ಮಾಮೂಲಿ ಎನ್‌ಸಿವಿಯನ್ನು ಎಚ್ಚರದಿಂದ ಮಾಡಬಹುದು: ಕುತ್ತಿಗೆ, ಭುಜದ ಹತ್ತಿರ ಕರೆಂಟ್ ಕೊಡಬಾರದು, ಪಲ್ಸ್ 0.2 ಮಿಲಿಸೆಕೆಂಡ್ ಮೀರಬಾರದು, ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಕೊಡಬಾರದು. ಹೃದಯದೊಳಗಿನ ತಂತಿ ಚರ್ಮದ ಹೊರಗೆ ಬಂದಿರುವ ತಾತ್ಕಾಲಿಕ ಪೇಸಿಂಗ್ ಇದ್ದರೆ ಮಾಡಲೇಬಾರದು. ರಕ್ತ ತೆಳುಮಾಡುವ ಮಾತ್ರೆ ಎನ್‌ಸಿವಿಗೆ ಅಡ್ಡಿಯಲ್ಲ, ಸ್ನಾಯುವಿಗೆ ಸೂಜಿ ಹಾಕಿ ನೋಡುವ ಇಎಂಜಿಗೆ ಮಾತ್ರ ಯೋಚಿಸಬೇಕು. ಬಸುರಿಯರಿಗೆ ಎನ್‌ಸಿವಿಯಿಂದ ತೊಂದರೆಯಿಲ್ಲ.

ಚಳಿ

ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ನಮ್ಮ ಕಡೆ ತಪ್ಪು ರಿಪೋರ್ಟಿಗೆ ಚಳಿಯೇ ದೊಡ್ಡ ಕಾರಣ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಂಗೈಯ ಚರ್ಮದ ಉಷ್ಣತೆ ಕನಿಷ್ಠ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಜನವರಿಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಕಿಟಕಿ ಪಕ್ಕ ಕೂತು ಬಂದವರ ಬೆರಳು ಅದರ ಹತ್ತಿರಕ್ಕೂ ಬರುವುದಿಲ್ಲ. ಒಂದು ಡಿಗ್ರಿ ಇಳಿದರೆ ಲೇಟೆನ್ಸಿ ಸುಮಾರು 0.2 ಮಿಲಿಸೆಕೆಂಡ್ ಹೆಚ್ಚುತ್ತದೆ, ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ: ಕೈ 27 ಡಿಗ್ರಿಯಲ್ಲಿದ್ದರೆ 5 ಡಿಗ್ರಿ ಕಡಿಮೆ, ಲೇಟೆನ್ಸಿಯಲ್ಲಿ 1 ಮಿಲಿಸೆಕೆಂಡ್ ಸುಳ್ಳು ತಡ. 3.2 ಇರಬೇಕಾದದ್ದು 4.2 ಆಗುತ್ತದೆ. ಸರಿಯಾದ ಕೈಗೆ ರೋಗದ ಹೆಸರು ಬೀಳಲು ಅಷ್ಟು ಸಾಕು.

ತಣ್ಣಗಿರುವ ನರದಲ್ಲಿ ಸೋಡಿಯಂ ಚಾನೆಲ್‌ಗಳು ತೆರೆಯುವುದೂ ನಿಧಾನ, ಮುಚ್ಚುವುದೂ ನಿಧಾನ. ತೆರೆಯುವುದು ನಿಧಾನವಾದ್ದರಿಂದ ತಡ, ಮುಚ್ಚುವುದು ನಿಧಾನವಾದ್ದರಿಂದ ಅಲೆ ಎತ್ತರವೂ ಅಗಲವೂ ಆಗುತ್ತದೆ. ಗುರುತು ಹಿಡಿಯಲು ಇದೇ ದಾರಿ. ಲೇಟೆನ್ಸಿ ಹೆಚ್ಚಾಗಿದ್ದು ಆಂಪ್ಲಿಟ್ಯೂಡ್ ಭರ್ಜರಿಯಾಗಿದ್ದರೆ, ಕಿರುಬೆರಳ ಕಡೆಯ ಅಲ್ನರ್ ನರವೂ ಅಷ್ಟೇ ನಿಧಾನವಾಗಿದ್ದರೆ, ಮೊದಲು ಥರ್ಮಾಮೀಟರ್ ಕಡೆ ನೋಡಿ. ಒತ್ತಿಹೋದ ನರದ ಅಲೆ ತಡವಾಗಿ ಬರುವಾಗ ಸಾಮಾನ್ಯವಾಗಿ ಕುಗ್ಗಿರುತ್ತದೆ, ಉಬ್ಬಿರುವುದಿಲ್ಲ.

ಬಿಸಿ ಮಾಡುವ ಸುಲಭ ಕ್ರಮ: ಸುಮಾರು 40 ಡಿಗ್ರಿಯ ನೀರು, ಅಂದರೆ ಮೊಣಕೈ ಇಟ್ಟರೆ ಹಿತವೆನಿಸುವಷ್ಟು ಬಿಸಿ, ಮುಂಗೈ ಅರ್ಧ ಮುಳುಗುವಂತೆ 10 ನಿಮಿಷ. ಬಕೆಟ್ಟಿಗೆ ನಡುವೆ ಒಮ್ಮೆ ಬಿಸಿನೀರು ಸೇರಿಸಿ. ಎರಡು ನಿಮಿಷ ಅದ್ದಿ ತೆಗೆದರೆ ಚರ್ಮ ಬೆಚ್ಚಗಾಗುತ್ತದೆ, ಒಳಗಿನ ನರ ತಣ್ಣಗೇ ಉಳಿಯುತ್ತದೆ. ಥರ್ಮಾಮೀಟರ್ 33 ತೋರಿಸಿದರೂ ಅಳತೆ ಸುಳ್ಳು ಹೇಳುತ್ತದೆ. ಸ್ಪರ್ಶ ಕಳೆದುಕೊಂಡ ಬೆರಳಿಗೆ, ಸಕ್ಕರೆ ಕಾಯಿಲೆಯವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ, ಆದ್ದರಿಂದ ನೀರಿನ ಬಿಸಿಯನ್ನು ನೀವೇ ನೋಡಿ, ಅವರನ್ನು ಕೇಳಬೇಡಿ. ಅದ್ದಿದ ಮೇಲೆ ಬೆರಳ ಸಂದುಗಳನ್ನೂ ಸೇರಿಸಿ ಪೂರ್ತಿ ಒರೆಸಿ. ಪರೀಕ್ಷೆಯ ನಡುವೆ ಇನ್ನೊಮ್ಮೆ, ಮುಗಿದ ಮೇಲೆ ಮತ್ತೊಮ್ಮೆ ಉಷ್ಣತೆ ಅಳೆಯಿರಿ. ಫ್ಯಾನ್ ಆರಿಸಿ. ಒಂದು ಕೈ ಅಳೆಯುವಾಗ ಇನ್ನೊಂದು ಕೈ ಶಾಲಿನೊಳಗೆ ಇರಲಿ.

ಉಷ್ಣತೆಗೆ ತಕ್ಕಂತೆ ಅಂಕಿಯನ್ನು ಸೂತ್ರದಲ್ಲಿ ತಿದ್ದುವ ಪದ್ಧತಿಯೂ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಸೂತ್ರಗಳು ಬಹುಪಾಲು ಆರೋಗ್ಯವಂತ ನರಗಳಿಂದ ಬಂದವು. ಕೆಟ್ಟ ನರ ಚಳಿಗೆ ಅದೇ ಲೆಕ್ಕದಲ್ಲಿ ಪ್ರತಿಕ್ರಿಯಿಸುತ್ತದೆ ಎಂಬ ಖಾತರಿಯಿಲ್ಲ. ಹತ್ತು ನಿಮಿಷ ಬಿಸಿನೀರು ಕೊಡುವುದೇ ಮೇಲು.

ಚರ್ಮ, ಬಳೆ, ಅರ್ಥಿಂಗ್

ಕೊಯ್ಲಿನ ಕೈಯ ಚರ್ಮ ದಪ್ಪ, ಬಿರುಕು, ಕಾಫಿ ಹಣ್ಣಿನ ಕಲೆಯ ಮೇಲೆ ಕೊಬ್ಬರಿ ಎಣ್ಣೆಯ ಪದರ. ಸೋಪು ಹಾಕಿ ತೊಳೆಸಿ, ಸ್ಪಿರಿಟ್‌ನಿಂದ ಒರೆಸಿ, ಎಲೆಕ್ಟ್ರೋಡ್ ಕೂರುವ ಜಾಗವನ್ನಷ್ಟೇ ಸ್ಕಿನ್ ಪ್ರೆಪ್ ಪೇಸ್ಟಿನಿಂದ ಹಗುರವಾಗಿ ಉಜ್ಜಿ. ಉಂಗುರ ತೆಗೆಸಿ. ಗಾಜಿನ ಬಳೆ ತೆಗೆಯಲು ಮನಸ್ಸಿಲ್ಲದವರು ಬಹಳ. ಒತ್ತಾಯ ಮಾಡಬೇಡಿ, ಮುಂಗೈಯ ದಪ್ಪ ಭಾಗದವರೆಗೆ ಮೇಲೆ ಸರಿಸಿ ಬಟ್ಟೆ ಸುತ್ತಿ ಪ್ಲಾಸ್ಟರ್ ಹಚ್ಚಿದರೆ ಮಣಿಕಟ್ಟು ಖಾಲಿಯಾಗುತ್ತದೆ.

ಬೆರಳಿಗೆ ಹಾಕುವ ಎರಡು ರಿಂಗ್ ಎಲೆಕ್ಟ್ರೋಡ್‌ಗಳ ನಡುವೆ ಬೆವರೋ ಜೆಲ್ಲಿಯೋ ಹರಿದು ಸೇರಿಕೊಂಡರೆ ಎರಡೂ ಒಂದೇ ಎಲೆಕ್ಟ್ರೋಡ್ ಆದಂತೆ. ಅಲೆ ಚಿಕ್ಕದಾಗುತ್ತದೆ, ನೋಡುವವರು ‘ನರ ಸತ್ತಿದೆ’ ಎಂದುಕೊಳ್ಳುತ್ತಾರೆ. ಜೆಲ್ಲಿ ಕಡಿಮೆ ಹಚ್ಚಿ, ನಡುವಿನ ಚರ್ಮ ಒಣಗಿರಲಿ. ಗ್ರೌಂಡ್ ಎಲೆಕ್ಟ್ರೋಡ್ ಕರೆಂಟ್ ಕೊಡುವ ಜಾಗಕ್ಕೂ ದಾಖಲಿಸುವ ಜಾಗಕ್ಕೂ ನಡುವೆ, ಅಂಗೈಯ ಹಿಂಭಾಗದಲ್ಲಿ.

ಹಳೆಯ ಕಟ್ಟಡಗಳಲ್ಲಿ ಮನೆ ಕರೆಂಟಿನ 50 ಹರ್ಟ್ಸ್ ಗದ್ದಲ ಕಾಡುತ್ತದೆ. ಮೊದಲು ಎಲೆಕ್ಟ್ರೋಡ್ ಸಡಿಲವಿದೆಯೇ ನೋಡಿ, ಆಮೇಲೆ ಟ್ಯೂಬ್‌ಲೈಟ್, ಮೊಬೈಲ್ ಚಾರ್ಜರ್, ವಿದ್ಯುತ್ ಮಂಚದ ಪ್ಲಗ್ ತೆಗೆದು ನೋಡಿ, ಕೊನೆಗೆ ಸಾಕೆಟ್ಟಿನ ಅರ್ಥ್ ಪರೀಕ್ಷಿಸಿ. ಆ ಗದ್ದಲವನ್ನು ಸೋಸಿ ತೆಗೆಯುವ ನಾಚ್ ಫಿಲ್ಟರ್ ಒತ್ತಿ ಮುಗಿಸುವುದು ಸುಲಭ, ಆದರೆ ಅದು ಸಣ್ಣ ಅಲೆಗಳ ಆಕಾರವನ್ನೇ ಬದಲಿಸುತ್ತದೆ.

ಸ್ಪರ್ಶನರದ ಅಳತೆ

ತೋರುಬೆರಳಿನ ಬುಡದ ಗೆಣ್ಣಿನ ಹತ್ತಿರ ಅಲೆ ಹಿಡಿಯುವ ಆ್ಯಕ್ಟಿವ್ ರಿಂಗ್, ಅದರಿಂದ 3-4 ಸೆಂ.ಮೀ. ತುದಿಯ ಕಡೆ ರೆಫರೆನ್ಸ್ ರಿಂಗ್. ಆ್ಯಕ್ಟಿವ್ ರಿಂಗಿನಿಂದ ಹಿಂದಕ್ಕೆ ಟೇಪಿನಲ್ಲಿ 14 ಸೆಂ.ಮೀ. ಅಳೆದು ಮಣಿಕಟ್ಟಿನ ಮೇಲೆ ಪೆನ್ನಿನಿಂದ ಗುರುತು ಹಾಕಿ. ಬೆರಳು, ಮಣಿಕಟ್ಟು ನೇರ ಇರಲಿ. ಮಡಚಿದ ಕೈಯಲ್ಲಿ ಅಳೆದರೆ ದೂರವೇ ತಪ್ಪು. ನರ ಇರುವುದು ಮಣಿಕಟ್ಟಿನ ನಡುವೆ ಎದ್ದುಕಾಣುವ ಎರಡು ಸ್ನಾಯುರಜ್ಜುಗಳ ಸಂದಿನಲ್ಲಿ. ಕರೆಂಟ್ ಕೊಡುವ ಸ್ಟಿಮ್ಯುಲೇಟರಿನ ಕ್ಯಾಥೋಡ್ (ಮೈನಸ್ ಧ್ರುವ) ಬೆರಳಿನ ಕಡೆಗೆ, ಆನೋಡ್ (ಪ್ಲಸ್) ಮೊಣಕೈ ಕಡೆಗೆ. ತಿರುಗುಮುರುಗಾದರೆ ಎರಡು ಧ್ರುವಗಳ ನಡುವಿನ 2-3 ಸೆಂ.ಮೀ. ಲೆಕ್ಕಕ್ಕೆ ಸೇರಿ ಅಷ್ಟರಮಟ್ಟಿಗೆ ಲೇಟೆನ್ಸಿ ಹೆಚ್ಚಾಗುತ್ತದೆ.

ಪಲ್ಸ್ 0.1 ಮಿಲಿಸೆಕೆಂಡ್. ಫಿಲ್ಟರ್ 20 ಹರ್ಟ್ಸ್‌ನಿಂದ 2 ಕಿಲೋಹರ್ಟ್ಸ್. ಪರದೆಯಲ್ಲಿ ಒಂದು ಚೌಕಕ್ಕೆ 2 ಮಿಲಿಸೆಕೆಂಡ್ ಮತ್ತು 20 ಮೈಕ್ರೋವೋಲ್ಟ್‌ನಿಂದ ಶುರುಮಾಡಿ. ಕರೆಂಟನ್ನು 5 ಮಿಲಿಆಂಪ್‌ನಿಂದ ನಿಧಾನವಾಗಿ ಏರಿಸುತ್ತ ಹೋಗಿ. ಅಲೆ ಬೆಳೆಯುವುದು ನಿಂತ ಮೇಲೆ ಇನ್ನು ಶೇ. 20ರಷ್ಟು ಏರಿಸಿ, ಸಾಕು. ಅಲೆ ಬಹಳ ಸಣ್ಣದಾಗಿದ್ದರೆ 10 ಬಾರಿ ಕೊಟ್ಟು ಸರಾಸರಿ ತೆಗೆಯಿರಿ.

14 ಸೆಂ.ಮೀ.ಗೆ ಅಲೆಯ ತುದಿಯವರೆಗಿನ ಲೇಟೆನ್ಸಿ ಸುಮಾರು 3.5 ಮಿಲಿಸೆಕೆಂಡ್ ಒಳಗಿರಬೇಕು. ವೇಗ ಬೇಕಾದರೆ ಅಲೆ ಶುರುವಾಗುವ ಬಿಂದು ಹಿಡಿಯಬೇಕು, ತುದಿಯನ್ನಲ್ಲ. 140 ಮಿ.ಮೀ.ಯನ್ನು 2.6 ಮಿಲಿಸೆಕೆಂಡ್‌ನಿಂದ ಭಾಗಿಸಿದರೆ ಸೆಕೆಂಡಿಗೆ 53.8 ಮೀಟರ್, ಇದು ಸರಿ. ಅದೇ 3.6 ಆದರೆ 38.9 ಮೀಟರ್, ಇದು ನಿಧಾನ. ಎಷ್ಟೋ ರಿಪೋರ್ಟುಗಳಲ್ಲಿ ತುದಿಯ ಲೇಟೆನ್ಸಿ ಇಟ್ಟುಕೊಂಡು ವೇಗ ಲೆಕ್ಕ ಹಾಕಿರುತ್ತಾರೆ, ಆಗ ಒಳ್ಳೆಯ ನರವೂ 42, 43 ತೋರಿಸುತ್ತದೆ. ಯಂತ್ರ ಕರ್ಸರ್ ಎಲ್ಲಿ ಇಟ್ಟಿದೆ ಎಂದು ಕಣ್ಣಾರೆ ನೋಡದೆ ಅಂಕಿ ಬರೆದುಕೊಳ್ಳಬೇಡಿ.

ಪಕ್ಕದ ನರದ ಜೊತೆ ಹೋಲಿಕೆ

ರೋಗ ತೀವ್ರವಾಗಿದ್ದರೆ ಮೇಲಿನ ಒಂದೇ ಅಳತೆಯಲ್ಲಿ ಗೊತ್ತಾಗುತ್ತದೆ. ಶುರುವಿನಲ್ಲಿ ಗೊತ್ತಾಗುವುದಿಲ್ಲ. ತೋರುಬೆರಳಿನ ಅಂಕಿ 3.3 ಬಂದು ‘ನಾರ್ಮಲ್’ ಎಂದು ಕಳಿಸಿದ ಕೈಯಲ್ಲಿ ರಾತ್ರಿಯ ಜೋಮು ಮುಂದುವರಿಯುತ್ತಲೇ ಇರುತ್ತದೆ. ಅದೇ ಕೈಯಲ್ಲಿ ಸುರಂಗದೊಳಗೆ ಹೋಗದ ನರಗಳಿವೆ: ಅಲ್ನರ್ ಮತ್ತು ರೇಡಿಯಲ್. ಚಳಿ, ವಯಸ್ಸು, ಬೆರಳಿನ ದಪ್ಪ, ಸಕ್ಕರೆ ಕಾಯಿಲೆ ಇವೆಲ್ಲ ಒಂದೇ ಕೈಯ ಮೂರು ನರಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ತಟ್ಟುತ್ತವೆ. ಮಣಿಕಟ್ಟಿನ ಒತ್ತಡ ಮೀಡಿಯನ್ ಒಂದನ್ನೇ ತಟ್ಟುತ್ತದೆ. ಆದ್ದರಿಂದ ವ್ಯತ್ಯಾಸವನ್ನು ನೋಡಿದರೆ ರೋಗ ಮಾತ್ರ ಉಳಿಯುತ್ತದೆ. ಪರೀಕ್ಷೆಯ ಜೀವಾಳ ಇದೇ.

ಮೊದಲು ಉಂಗುರಬೆರಳು. ಒಂದು ಪಕ್ಕ ಮೀಡಿಯನ್‌ದು, ಇನ್ನೊಂದು ಅಲ್ನರ್‌ದು. ರಿಂಗ್‌ಗಳನ್ನು ಹಾಕಿ 14 ಸೆಂ.ಮೀ. ದೂರದಲ್ಲಿ ಮಣಿಕಟ್ಟಿನ ನಡುವೆ ಒಮ್ಮೆ, ಕಿರುಬೆರಳ ಕಡೆಯ ಅಂಚಿನಲ್ಲಿ ಅಷ್ಟೇ ದೂರದಲ್ಲಿ ಇನ್ನೊಮ್ಮೆ ಕರೆಂಟ್ ಕೊಡಿ. ತುದಿಯ ಲೇಟೆನ್ಸಿಗಳ ನಡುವೆ 0.4 ಮಿಲಿಸೆಕೆಂಡ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅನುಮಾನ. ಆಮೇಲೆ ಹೆಬ್ಬೆರಳು: 10 ಸೆಂ.ಮೀ. ದೂರದಲ್ಲಿ ಮೀಡಿಯನ್ ಮತ್ತು ರೇಡಿಯಲ್, ಮಿತಿ 0.5. ಮೂರನೆಯದು ಅಂಗೈ: ಇಲ್ಲಿ ಅಂಗೈಯಲ್ಲಿ ಕರೆಂಟ್ ಕೊಟ್ಟು 8 ಸೆಂ.ಮೀ. ಹಿಂದೆ ಮಣಿಕಟ್ಟಿನಲ್ಲಿ ದಾಖಲಿಸುತ್ತೇವೆ, ಒಮ್ಮೆ ತೋರು-ನಡುಬೆರಳುಗಳ ಸಾಲಿನ ನಡುವಿನಿಂದ, ಒಮ್ಮೆ ಉಂಗುರ-ಕಿರುಬೆರಳುಗಳ ಸಾಲಿನ ನಡುವಿನಿಂದ. ಮಿತಿ 0.3. ದೂರ ಕಡಿಮೆಯಾದ್ದರಿಂದ ಕರೆಂಟಿನದೇ ಸುಳ್ಳು ಗೆರೆ (ಆರ್ಟಿಫ್ಯಾಕ್ಟ್) ಅಲೆಯ ಮೇಲೆಯೇ ಬಂದು ಕೂರುತ್ತದೆ. ಕ್ಯಾಥೋಡನ್ನು ಅಲ್ಲೇ ಇಟ್ಟು ಆನೋಡನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಗೆರೆ ಸಮವಾಗುತ್ತದೆ.

ಒಂದೊಂದನ್ನೇ ಬಿಡಿಯಾಗಿ ನಂಬುವುದಕ್ಕಿಂತ ಮೂರನ್ನೂ ಕೂಡಿಸುವುದು ಮೇಲು ಎಂದು 1998ರಲ್ಲಿ ಲಾರೆನ್ಸ್ ರಾಬಿನ್ಸನ್ ಮತ್ತು ಸಂಗಡಿಗರು ತೋರಿಸಿದರು. ಮೂರು ವ್ಯತ್ಯಾಸಗಳ ಮೊತ್ತ 1.0 ಅಥವಾ ಹೆಚ್ಚಿದ್ದರೆ ಅಸಹಜ. ಉಂಗುರಬೆರಳು 0.4, ಹೆಬ್ಬೆರಳು 0.5, ಅಂಗೈ 0.3 ಬಂತೆನ್ನಿ. ಮೂರೂ ಗಡಿಯ ಮೇಲೆ ನಿಂತಿವೆ, ಯಾವುದೂ ದಾಟಿಲ್ಲ. ಕೂಡಿಸಿದರೆ 1.2, ಅಂದರೆ ರೋಗವಿದೆ. ಇನ್ನೊಂದು ಕೈಯಲ್ಲಿ 0.5, 0.1, ಮತ್ತು ಅಂಗೈಯಲ್ಲಿ ಮೀಡಿಯನ್ನೇ ಬೇಗ ಬಂದು ಮೈನಸ್ 0.1. ಮೊತ್ತ 0.5. ಒಂದು ಅಂಕಿ ಗಡಿ ದಾಟಿದ್ದರೂ ಈ ಕೈಗೆ ರೋಗದ ಹೆಸರು ಇಡಬಾರದು. ಮೈನಸ್ ಬಂದರೆ ಮೈನಸ್ ಎಂದೇ ಕೂಡಿಸಬೇಕು, ಸೊನ್ನೆ ಮಾಡಬಾರದು.

ಉಂಗುರಬೆರಳಿನಲ್ಲಿ ಒಂದು ಬಲೆ ಇದೆ. ಮೀಡಿಯನ್ ಒತ್ತಿಹೋಗಿದೆ, ಅಲೆ ಕಾಣುತ್ತಿಲ್ಲ ಎಂದು ಕರೆಂಟ್ ಏರಿಸುತ್ತಲೇ ಹೋದರೆ ಅದು ಹರಡಿ ಪಕ್ಕದ ಅಲ್ನರ್‌ಗೆ ತಗಲುತ್ತದೆ. ಆಗ ಪರದೆಯ ಮೇಲೆ ಬರುವುದು ಅಲ್ನರ್‌ನ ಚೊಕ್ಕ ಅಲೆ, ಹೊತ್ತಿಗೆ ಸರಿಯಾಗಿ. ‘ವ್ಯತ್ಯಾಸ 0.0’ ಎಂದು ಬರೆದು ರೋಗಿಯನ್ನು ಮನೆಗೆ ಕಳಿಸಿಬಿಡುತ್ತಾರೆ. ಎರಡು ತಲೆಯ ಅಲೆ ಕಂಡರೆ ಮೊದಲನೆಯದು ಹರಡಿದ ಅಲ್ನರ್, ಎರಡನೆಯದು ತಡವಾದ ಮೀಡಿಯನ್. ಕರೆಂಟ್ ಇಳಿಸಿ, ಸ್ಟಿಮ್ಯುಲೇಟರನ್ನು ಒಂದೆರಡು ಮಿ.ಮೀ. ಹೆಬ್ಬೆರಳ ಕಡೆ ಸರಿಸಿ ಮತ್ತೆ ನೋಡಿ. ಕರೆಂಟ್ ಕೊಟ್ಟಾಗ ಎಲ್ಲಿ ಜುಮ್ ಎನ್ನುತ್ತದೆ ಎಂದು ರೋಗಿಯನ್ನೇ ಕೇಳಿ. ‘ಕಿರುಬೆರಳಿಗೆ ಹೊಡೀತು’ ಎಂದರೆ ವಿಷಯ ಸ್ಪಷ್ಟ.

ಅನುಮಾನ ಆಗಲೂ ತೀರದಿದ್ದರೆ ಕಿಮುರಾ 1979ರಲ್ಲಿ ವಿವರಿಸಿದ ಸೆಂಟಿಮೀಟರ್ ಲೆಕ್ಕದ ಕ್ರಮ ಇದೆ. ಮಣಿಕಟ್ಟಿನಿಂದ ಅಂಗೈಯವರೆಗೆ 1 ಸೆಂ.ಮೀ.ಗೊಂದು ಗುರುತು ಹಾಕಿ ಪ್ರತಿಯೊಂದರಲ್ಲೂ ಕರೆಂಟ್ ಕೊಡುವುದು. ಸರಿಯಾದ ನರದಲ್ಲಿ ಪ್ರತಿ ಸೆಂ.ಮೀ.ಗೆ 0.16ರಿಂದ 0.21 ಮಿಲಿಸೆಕೆಂಡ್ ಹೆಚ್ಚುತ್ತ ಹೋಗುತ್ತದೆ. ಒತ್ತಿಹೋದ ಜಾಗದಲ್ಲಿ ಒಮ್ಮೆಗೇ ಜಿಗಿಯುತ್ತದೆ. ಸಮಯ ತಿನ್ನುವ ಕೆಲಸ, ಎಲ್ಲರಿಗೂ ಬೇಕಿಲ್ಲ.

ಸ್ನಾಯುವಿನ ಅಳತೆ

ಆ್ಯಕ್ಟಿವ್ ಎಲೆಕ್ಟ್ರೋಡ್ ಹೆಬ್ಬೆರಳ ಬುಡದ ಉಬ್ಬಿನ ನಡುವೆ, ರೆಫರೆನ್ಸ್ ಹೆಬ್ಬೆರಳಿನ ಗೆಣ್ಣಿನ ಮೇಲೆ. 8 ಸೆಂ.ಮೀ. ಹಿಂದೆ ಮಣಿಕಟ್ಟಿನಲ್ಲಿ, ಆಮೇಲೆ ಮೊಣಕೈ ಮಡಿಕೆಯಲ್ಲಿ ರಕ್ತನಾಳದ ಮಿಡಿತ ಸಿಗುವ ಜಾಗದ ಒಳಬದಿಯಲ್ಲಿ ಕರೆಂಟ್. ಪಲ್ಸ್ 0.2 ಮಿಲಿಸೆಕೆಂಡ್, ಫಿಲ್ಟರ್ 2 ಹರ್ಟ್ಸ್‌ನಿಂದ 10 ಕಿಲೋಹರ್ಟ್ಸ್. ಮಣಿಕಟ್ಟಿನ ಲೇಟೆನ್ಸಿ ಸುಮಾರು 4.4 ಮಿಲಿಸೆಕೆಂಡ್ ಒಳಗೆ, ಮುಂಗೈಯಲ್ಲಿ ವೇಗ ಸೆಕೆಂಡಿಗೆ 50 ಮೀಟರಿನ ಆಸುಪಾಸು ಅಥವಾ ಮೇಲೆ, ಆಂಪ್ಲಿಟ್ಯೂಡ್ 4 ಮಿಲಿವೋಲ್ಟ್‌ಗಿಂತ ಮೇಲೆ ಇರಬೇಕು. ಪ್ರತಿ ಲ್ಯಾಬೂ ತನ್ನದೇ ಮಿತಿ ಇಟ್ಟುಕೊಳ್ಳುವುದು ಸರಿ, 7 ಸೆಂ.ಮೀ. ಬಳಸುವವರು 8 ಸೆಂ.ಮೀ.ಯ ಮಿತಿಯನ್ನು ಎತ್ತಿಕೊಂಡರೆ ರೋಗ ತಪ್ಪಿಹೋಗುತ್ತದೆ.

ಪರದೆಯನ್ನಷ್ಟೇ ನೋಡಬೇಡಿ, ಕೈಯನ್ನೂ ನೋಡಿ. ಮೀಡಿಯನ್‌ಗೆ ಕರೆಂಟ್ ತಗಲಿದರೆ ಹೆಬ್ಬೆರಳು ಅಂಗೈಯಿಂದ ಮೇಲೇಳುತ್ತದೆ. ಕಿರುಬೆರಳು ಕುಣಿದು ಹೆಬ್ಬೆರಳು ಒಳಗೆ ಎಳೆದುಕೊಂಡರೆ ಅಲ್ನರ್‌ಗೆ ಹರಡಿದೆ. ಅಲೆಯ ಮೊದಲ ಚಲನೆ ಮೇಲಕ್ಕೆ ಇರಬೇಕು. ಮೊದಲು ಕೆಳಗೆ ಸಣ್ಣ ಗುಂಡಿ ಬಿದ್ದು ಆಮೇಲೆ ಏರಿದರೆ ಎಲೆಕ್ಟ್ರೋಡ್ ಸ್ನಾಯುವಿನ ನಡುವೆ ಇಲ್ಲ, ಇಲ್ಲವೇ ಕರೆಂಟ್ ಹರಡಿದೆ.

ಆ ಗುಂಡಿ ಮಣಿಕಟ್ಟಿನಲ್ಲಿ ಬರದೆ ಮೊಣಕೈಯಲ್ಲಿ ಮಾತ್ರ ಬಂದರೆ ಕಥೆ ಬೇರೆ. ಕೆಲವರ ಮುಂಗೈಯಲ್ಲಿ ಮೀಡಿಯನ್‌ನ ಕೆಲವು ತಂತುಗಳು ದಾಟಿ ಅಲ್ನರ್ ಸೇರಿ ಕೈಗೆ ಬರುತ್ತವೆ; ಮಾರ್ಟಿನ್-ಗ್ರೂಬರ್ ಜೋಡಣೆ ಎನ್ನುತ್ತಾರೆ. ಇದು ಹುಟ್ಟಿನಿಂದ ಬಂದದ್ದು, ಕಾಯಿಲೆಯಲ್ಲ. ಕಾರ್ಪಲ್ ಟನಲ್ ಇರುವ ಕೈಯಲ್ಲಿ ಇದೂ ಇದ್ದರೆ, ಮೊಣಕೈಯಿಂದ ಹೊರಟ ಸಂದೇಶದ ಒಂದು ಪಾಲು ಸುರಂಗ ತಪ್ಪಿಸಿ ಅಲ್ನರ್ ದಾರಿಯಲ್ಲಿ ಬೇಗ ಬಂದುಬಿಡುತ್ತದೆ. ಮಣಿಕಟ್ಟಿನ ಲೇಟೆನ್ಸಿ 6.0, ಮೊಣಕೈಯದು 8.4, ನಡುವಿನ ದೂರ 22 ಸೆಂ.ಮೀ. ಎಂದಿಟ್ಟುಕೊಳ್ಳಿ. 220ನ್ನು 2.4ರಿಂದ ಭಾಗಿಸಿದರೆ ಸೆಕೆಂಡಿಗೆ 91.7 ಮೀಟರ್. ಮನುಷ್ಯರ ಮುಂಗೈಯಲ್ಲಿ ಆ ವೇಗ ಇರುವುದಿಲ್ಲ. ಇದನ್ನು ‘ಮುಂಗೈ ವೇಗ ಉತ್ತಮ’ ಎಂದು ಬರೆದ ರಿಪೋರ್ಟ್ ಕಂಡರೆ ಅಲೆಗಳನ್ನು ತರಿಸಿ ನೋಡಿ.

ಆಂಪ್ಲಿಟ್ಯೂಡ್ ಕಡಿಮೆ ಬಂದಾಗ ಒಂದು ಹೆಜ್ಜೆ ಮುಂದೆ ಹೋಗಿ ಅಂಗೈಯಲ್ಲೂ, ಅಂದರೆ ಸುರಂಗದ ಆಚೆ ಬದಿಯಲ್ಲೂ ಕರೆಂಟ್ ಕೊಟ್ಟು ನೋಡಿ. ಅಂಗೈಯ ಅಲೆ ಮಣಿಕಟ್ಟಿನದಕ್ಕಿಂತ 1.2 ಪಟ್ಟು ಮೀರಿ ದೊಡ್ಡದಾಗಿದ್ದರೆ ತಂತುಗಳು ಸತ್ತಿಲ್ಲ, ದಾರಿಯಲ್ಲಿ ತಡೆಯಾಗಿದೆ ಅಷ್ಟೆ. ಒತ್ತಡ ಬಿಡಿಸಿದರೆ ಬೇಗ ಚೇತರಿಸುವ ಕೈ ಅದು. ರೋಗಿಗೆ ಧೈರ್ಯ ಹೇಳಲು ಇದಕ್ಕಿಂತ ಒಳ್ಳೆಯ ಅಳತೆ ಬೇರೆ ಇಲ್ಲ, ಆದರೂ ಬಹಳ ಕಡೆ ಇದನ್ನು ಮಾಡುವುದೇ ಇಲ್ಲ.

ತೋರುಬೆರಳಿನ ಅಲೆಯೂ ಇಲ್ಲ, ಹೆಬ್ಬೆರಳ ಉಬ್ಬಿನ ಅಲೆಯೂ ಇಲ್ಲ ಎಂಬ ಕೈಯಲ್ಲಿ ತೊಂದರೆ ಮಣಿಕಟ್ಟಿನದೇ ಎಂದು ಹೇಗೆ ಹೇಳುವುದು? ನಡುಬೆರಳ ಸಾಲಿನ ಮಧ್ಯಭಾಗದಿಂದ ಸ್ವಲ್ಪ ಹೆಬ್ಬೆರಳ ಕಡೆ ಅಂಗೈಯಲ್ಲಿ ಎಲೆಕ್ಟ್ರೋಡ್ ಇಟ್ಟರೆ ಮೇಲೆ ಎರಡನೇ ಲಂಬ್ರಿಕಲ್ ಸ್ನಾಯು, ಅದರ ಕೆಳಗೆ ಇಂಟರಾಸಿಯಸ್ ಸ್ನಾಯು. ಮೊದಲನೆಯದು ಮೀಡಿಯನ್‌ದು, ಎರಡನೆಯದು ಅಲ್ನರ್‌ದು. ಒಂದೇ ದೂರದಿಂದ ಎರಡು ನರಕ್ಕೂ ಕರೆಂಟ್ ಕೊಟ್ಟು ಲೇಟೆನ್ಸಿ ಹೋಲಿಸಿ, 0.5 ಮಿಲಿಸೆಕೆಂಡ್‌ಗಿಂತ ಹೆಚ್ಚಿದ್ದರೆ ಒತ್ತಡ ಮಣಿಕಟ್ಟಿನಲ್ಲೇ. ಲಂಬ್ರಿಕಲ್‌ಗೆ ಹೋಗುವ ತಂತುಗಳು ಕೊನೆಯವರೆಗೂ ಉಳಿದಿರುತ್ತವೆ. ಸಕ್ಕರೆ ಕಾಯಿಲೆಯಿಂದ ಎಲ್ಲ ನರಗಳೂ ಮಂದವಾದವರಲ್ಲೂ ಇದೇ ಕೈಹಿಡಿಯುತ್ತದೆ.

ಕುತ್ತಿಗೆಯೋ ಮಣಿಕಟ್ಟೋ

ಕುತ್ತಿಗೆ ಸವೆತ ಎಂದು ಎಕ್ಸ್‌ರೇ ತೆಗೆಸಿಕೊಂಡು ಕಾಲರ್ ಕಟ್ಟಿಕೊಂಡು ತಿರುಗುವವರಲ್ಲಿ ಎಷ್ಟೋ ಜನರ ತೊಂದರೆ ಮಣಿಕಟ್ಟಿನಲ್ಲಿರುತ್ತದೆ, ಉಲ್ಟಾ ಕೂಡ ಉಂಟು. ಇಲ್ಲಿ ಸ್ಪರ್ಶನರದ ಅಲೆ ಚೆನ್ನಾಗಿ ಬಿಡಿಸಿ ಹೇಳುತ್ತದೆ. ಸ್ಪರ್ಶನರದ ಜೀವಕೋಶ ಇರುವುದು ಬೆನ್ನುಹುರಿಯ ಹೊರಗಿನ ಗ್ಯಾಂಗ್ಲಿಯಾನ್ ಎಂಬ ಗಂಟಿನಲ್ಲಿ. ಡಿಸ್ಕ್ ಒತ್ತುವುದು ಅದಕ್ಕಿಂತ ಒಳಗೆ. ಹಾಗಾಗಿ ಜೀವಕೋಶಕ್ಕೂ ಬೆರಳಿಗೂ ಇರುವ ಕೊಂಡಿ ಕೆಡುವುದಿಲ್ಲ, ಬೆರಳು ಪೂರ್ತಿ ಜೋಮು ಹಿಡಿದಿದ್ದರೂ ಅಲೆ ಚೊಕ್ಕವಾಗಿ ಬರುತ್ತದೆ. ತೋರುಬೆರಳು ಮಂದ, ಅಲೆ ಮಾತ್ರ ಸರಿ, ಹೋಲಿಕೆಗಳೂ ಸರಿ ಎಂದಾದರೆ ಕುತ್ತಿಗೆಯ ಕಡೆ ತಿರುಗಿ. ಆಗ ಸೂಜಿ ಇಎಂಜಿ ಬೇಕು: ಹೆಬ್ಬೆರಳ ಉಬ್ಬಿನ ಜೊತೆ ಟ್ರೈಸೆಪ್ಸ್, ಪ್ರೊನೇಟರ್ ಟೆರಿಸ್‌ನಂಥ ಮೇಲಿನ ಸ್ನಾಯುಗಳನ್ನೂ ನೋಡಬೇಕು. ಬರೀ ಹೆಬ್ಬೆರಳ ಉಬ್ಬಿಗೆ ಸೂಜಿ ಹಾಕುವುದು ನೋವಿನ ಕೆಲಸ; ಆಂಪ್ಲಿಟ್ಯೂಡ್ ಚೆನ್ನಾಗಿದ್ದು ಕುತ್ತಿಗೆಯ ಅನುಮಾನವೂ ಇಲ್ಲದಿದ್ದರೆ ಅದನ್ನು ಬಿಟ್ಟರೂ ನಡೆಯುತ್ತದೆ.

ಅಲ್ನರ್ ನರವೂ ನಿಧಾನ, ಕೈ ಮಾತ್ರ ಬೆಚ್ಚಗಿದೆ ಎಂದಾದರೆ ಕಾಲಿನ ಸುರಲ್ ನರವನ್ನೂ ಅಳೆಯಿರಿ. ಅದೂ ಕುಗ್ಗಿದ್ದರೆ ಇಡೀ ಮೈಯ ನರದ ಕಾಯಿಲೆ, ಅದರ ಮೇಲೆ ಕಾರ್ಪಲ್ ಟನಲ್ ಇರಬಹುದು, ಇಲ್ಲದಿರಬಹುದು.

ರಿಪೋರ್ಟ್ ಓದುವಾಗ

ತೀವ್ರತೆ ಹೇಳಲು ಜೆರೆಮಿ ಬ್ಲ್ಯಾಂಡ್ 2000ದಲ್ಲಿ ಕೊಟ್ಟ 0ಯಿಂದ 6ರ ಶ್ರೇಣಿ ಬಳಕೆಗೆ ಸುಲಭ. ಹೋಲಿಕೆಯ ಸೂಕ್ಷ್ಮ ಪರೀಕ್ಷೆಗಳಲ್ಲಿ ಮಾತ್ರ ಸಿಕ್ಕಿದರೆ 1. ಬೆರಳಿನ ಸ್ಪರ್ಶವೇಗ ಇಳಿದು ಸ್ನಾಯುವಿನ ಲೇಟೆನ್ಸಿ 4.5ರ ಒಳಗಿದ್ದರೆ 2. ಅದು 4.5 ದಾಟಿ 6.5ರ ಒಳಗಿದ್ದು ಸ್ಪರ್ಶದ ಅಲೆ ಉಳಿದಿದ್ದರೆ 3, ಸ್ಪರ್ಶದ ಅಲೆ ಹೋಗಿದ್ದರೆ 4. 6.5 ದಾಟಿದರೆ 5. ಸ್ನಾಯುವಿನ ಅಲೆ 0.2 ಮಿಲಿವೋಲ್ಟ್‌ಗಿಂತ ಕಡಿಮೆಯಾದರೆ 6.

ಈ ಅಂಕಿ ನೋವಿನ ಅಳತೆಯಲ್ಲ. ಯಂತ್ರ ನೋಡುವುದು ದಪ್ಪ ಮಯಲಿನ್ ತಂತುಗಳನ್ನು ಮಾತ್ರ, ನೋವು ಹೊರುವ ಸಣ್ಣ ತಂತುಗಳು ಅದಕ್ಕೆ ಕಾಣುವುದಿಲ್ಲ. 1ನೇ ದರ್ಜೆಯವರು ನಿದ್ದೆಯಿಲ್ಲದೆ ಒದ್ದಾಡಬಹುದು. 5ನೇ ದರ್ಜೆಯ ವಯಸ್ಸಾದವರು ‘ಈಗ ನೋವೇ ಇಲ್ಲ’ ಎನ್ನಬಹುದು, ಅವರ ಬೆರಳಲ್ಲಿ ಸ್ಪರ್ಶವೇ ಉಳಿದಿಲ್ಲ, ಅವರನ್ನು ಕಾಯಿಸಬಾರದು. ಲಕ್ಷಣ ಸ್ಪಷ್ಟವಾಗಿದ್ದೂ ಪರೀಕ್ಷೆ ನಾರ್ಮಲ್ ಬರುವವರಿದ್ದಾರೆ. ಮಣಿಕಟ್ಟು ನೇರ ಇಡುವ ಸ್ಪ್ಲಿಂಟನ್ನು ಕೆಲವು ವಾರ ರಾತ್ರಿ ಕಟ್ಟಿಸಿ ನೋಡಲು ನಾರ್ಮಲ್ ರಿಪೋರ್ಟ್ ಅಡ್ಡಿಯಾಗಬಾರದು. ಹಾಗೆಯೇ ಕೈಯಿಂದ ದುಡಿಯುವ ಎಷ್ಟೋ ಜನರಿಗೆ ಜೋಮು ಇಲ್ಲದೆಯೂ ಸಣ್ಣ ತಡ ಕಾಣುತ್ತದೆ. ದೂರಿಲ್ಲದ ಕೈಗೆ ಚಿಕಿತ್ಸೆ ಬೇಡ.

ರಿಪೋರ್ಟಿನಲ್ಲಿ ಉಷ್ಣತೆ, ಪ್ರತಿ ಅಳತೆಯ ದೂರ, ಎರಡೂ ಕೈ, ಕನಿಷ್ಠ ಒಂದು ಅಲ್ನರ್ ಹೋಲಿಕೆ, ಅಲೆಗಳ ಚಿತ್ರ ಇವೆಲ್ಲ ಇರಬೇಕು. ಇಲ್ಲದಿದ್ದರೆ ಮತ್ತೆ ಮಾಡಿಸಲು ಕೇಳುವುದರಲ್ಲಿ ಸಂಕೋಚ ಬೇಡ. ಪರೀಕ್ಷೆಗೆ ಬರುವವರು ಊಟ ಬಿಡಬೇಕಿಲ್ಲ, ಮಾತ್ರೆ ನಿಲ್ಲಿಸಬೇಕಿಲ್ಲ. ಆ ದಿನ ಕೈಗೆ ಎಣ್ಣೆ, ಕ್ರೀಮ್ ಹಚ್ಚಬಾರದು, ತೋಳು ಮೇಲೆ ಸರಿಯುವ ಬಟ್ಟೆ ಹಾಕಬೇಕು, ಚಳಿಗಾಲದಲ್ಲಿ ಸಾಧ್ಯವಾದರೆ ಮಧ್ಯಾಹ್ನದ ಹೊತ್ತು ಕೇಳಬೇಕು.

ಆಪರೇಷನ್ ಆದ ಮೇಲೆ ಕೈ ಹಗುರವಾಗಿದ್ದರೆ ಪರೀಕ್ಷೆ ಮತ್ತೆ ಬೇಕಿಲ್ಲ. ಜೋಮು ಹಾಗೇ ಉಳಿದರೆ ಮೂರು ತಿಂಗಳ ನಂತರ ಮಾಡಿಸಿ. ಅಂಕಿ ಪೂರ್ತಿ ನಾರ್ಮಲ್‌ಗೆ ಬರದೆಯೂ ಇರಬಹುದು. ಕೈ ಚೆನ್ನಾಗಿರುವವರಲ್ಲೂ ಸಣ್ಣ ತಡ ಉಳಿದುಕೊಳ್ಳುತ್ತದೆ. ನೋಡಬೇಕಾದದ್ದು ಹಿಂದಿನ ಅಂಕಿಗಿಂತ ಸುಧಾರಿಸಿದೆಯೇ ಎಂಬುದನ್ನು. ಅದಕ್ಕೆ ಹಳೆಯ ರಿಪೋರ್ಟ್ ಬೇಕು, ಅದರಲ್ಲಿ ಬರೆದ ದೂರವೇ ಈ ಬಾರಿಯೂ ಇರಬೇಕು, ಕೈಯೂ ಅಷ್ಟೇ ಬೆಚ್ಚಗಿರಬೇಕು. ಹಳೆಯ ಅಂಕಿಗಿಂತ ಕೆಟ್ಟಿದ್ದರೆ ಲಿಗಮೆಂಟ್ ಪೂರ್ತಿ ಬಿಡಿಸಿಲ್ಲವೇ ಎಂದು ಸರ್ಜನ್ ಹತ್ತಿರ ಎರಡೂ ರಿಪೋರ್ಟ್ ಇಟ್ಟು ಕೇಳಿ.